ಟೀವಿ ಪಕ್ಕದ ಮಿಕ್ಸಿ
ನಮ್ಮ ಹಂಪಾಪುರದ ಮಂಚಯ್ಯನವರು ಹುಣಸೂರಿನಿಂದ ತಂದ ಹೊಸ ಮಿಕ್ಸಿ ಅಡುಗೆಮನೆಯ ಮುಖವನ್ನೇ ಕಂಡಿರಲಿಲ್ಲ. ಪ್ಲಾಸ್ಟಿಕ್ ಕವರಿನ ಮೇಲೇ ಕುಂಕುಮ ಇಡಿಸಿಕೊಂಡು ಟೀವಿ ಪಕ್ಕದಲ್ಲಿ ದೇವರಂತೆ ಕೂತಿತ್ತು. ಆಯುಧಪೂಜೆಯಲ್ಲಿ ಟ್ರ್ಯಾಕ್ಟರಿಗಿಂತ ದೊಡ್ಡ ಹಾರ ಅದಕ್ಕೇ. ಬಂದವರಿಗೆಲ್ಲ ಅದರ ದರ್ಶನ ಮಾಡಿಸಿ, "ತೋರ್ಸಕ್ಕೆ ಸರಿ, ಮಿಕ್ಸಿ ಖಾರ ಸಪ್ಪೆ ಕಣ್ರೀ. ಉಪ್ಪೆಸರಿನ ಖಾರ ರುಬ್ಬಕ್ಕೆ ಒಳ್ಕಲ್ಲೇ ಆಗ್ಬೇಕು" ಎನ್ನುತ್ತಿದ್ದರು. ಅದೇ ಹೊತ್ತಿಗೆ ಹಿತ್ತಲಲ್ಲಿ ಅವರ ಹೆಂಡತಿ ಸಿದ್ದಲಿಂಗಮ್ಮ ಆ ಬಂದವರ ಊಟಕ್ಕೇ ಖಾರ ರುಬ್ಬುತ್ತಿದ್ದರು. ಹೋದ ತಿಂಗಳು ಆಕೆ ಜಾರಿಬಿದ್ದು ಬಲಗೈ ಮುರಿಯಿತು. ಒಳಕಲ್ಲಿನ ಮುಂದೆ ತಾವೇ ಕೂತ ಮಂಚಯ್ಯ ನಾಲ್ಕು ಸುತ್ತು ತಿರುಗಿಸಿದವರೇ ಎದ್ದು ಹೋಗಿ ಮಿಕ್ಸಿಯ ಕವರು ಬಿಚ್ಚಿದರು. ಅವತ್ತು ಊಟಕ್ಕೆ ಕೂತು ಮುದ್ದೆ ಮುರಿದು ಸಾರಿಗದ್ದಿ ನುಂಗಿ, "ಅದೇ ರುಚಿ ಕಣಮ್ಮೀ, ಏನೂ ಕಮ್ಮಿ ಆಗಿಲ್ಲ ಬುಡು" ಎಂದರು. ಮೊನ್ನೆ ಆಸ್ಪತ್ರೆಯಲ್ಲಿ ಆಕೆಯ ಕೈಗೆ ಹಾಕಿದ್ದ ಕಟ್ಟು ಬಿಚ್ಚಿದರು. ಅವತ್ತೇ ಮಿಕ್ಸಿಗೆ ಮತ್ತೆ ಕವರು ಬಿತ್ತು.