ಹಲ್ಲು ಕಿತ್ತ ಗುಳಿ

ನನ್ನ ಮೈದುನ ಬಾಯಿಂದಲೇ ಹೊಟ್ಟೆ ಹೊರೆಯುವವನು. ಮಾವನ ಸ್ಕೂಟರ್ ರಿಪೇರಿ ಅಂಗಡಿಯಲ್ಲಿ ಟ್ಯಾಂಕಿಗೆ ರಬ್ಬರ್ ಕೊಳವೆ ಇಳಿಬಿಟ್ಟು, ಇನ್ನೊಂದು ತುದಿಗೆ ಬಾಯಿಟ್ಟು ಪೆಟ್ರೋಲ್ ಎಳೆಯುತ್ತಾನೆ. ನಾಲಗೆಗೆ ಹನಿ ತಾಕುವ ಮೊದಲೇ ತುದಿಯನ್ನು ಡಬ್ಬಿಗೆ ತಿರುಗಿಸಿರುತ್ತಾನೆ. ಕೈಪಂಪು ಒಂದಿದೆ, ಸೋರುತ್ತದೆ ಅಂತ ಮಾವ ಅಟ್ಟಕ್ಕೆ ಎಸೆದಿದ್ದಾರೆ. "ದೇವರು ಕೊಟ್ಟ ಪಂಪು ಮನೇಲೇ ಬಿದ್ದಿರುವಾಗ ಇನ್ನೊಂದು ಯಾಕೆ?" ಅನ್ನುತ್ತಾರೆ.

ಅವನ ದವಡೆ ಹಲ್ಲು ಕೀಳಿಸಲು ಮಗುವನ್ನು ಸೊಂಟಕ್ಕೇರಿಸಿಕೊಂಡು ನಾನೇ ಜೊತೆಗೆ ಹೋಗಿದ್ದೆ. ಡಾಕ್ಟರಮ್ಮ ಬಿಡಿಸಿ ಹೇಳಿದರು: "ಗುಳೀಲಿ ರಕ್ತ ಹೆಪ್ಪುಗಟ್ಟಿ ಗಡ್ಡೆಯಾಗುತ್ತೆ. ಗಾಯಕ್ಕೆ ಅದೇ ಮುಚ್ಚಳ, ಅದರ ಆಸರೇಲೇ ಹೊಸ ಮಾಂಸ ಬರೋದು. ಏನನ್ನೂ ಚೀಪಬೇಡ, ಎಳೀಬೇಡ, ಜೋರಾಗಿ ಉಗೀಬೇಡ. ಗಡ್ಡೆ ಕಿತ್ತು ಬಂದ್ರೆ ಒಳಗಿನ ಮೂಳೆ ಬೆತ್ತಲಾಗುತ್ತೆ. ಆಮೇಲೆ ನನ್ನ ಬೈಬೇಡ."

ಮಾರನೆಯ ದಿನ ಮೆತ್ತಗೆ ಕಿವುಚಿದ ಊಟ ಕಟ್ಟಿಕೊಂಡು ಅಂಗಡಿಗೆ ಹೋದರೆ, ಮಾವ ಕೊಳವೆಯನ್ನು ಅವನ ಮೂಗಿಗೆ ಹಿಡಿದು ನಿಂತಿದ್ದರು.

"ಇವತ್ತು ಆಗಲ್ಲಪ್ಪಾ."

"ಹೆತ್ತ ಬಾಣಂತೀನೂ ಇಷ್ಟು ನರಳಲ್ಲ ಕಣೋ. ಬೇಕಾದ್ರೆ ನಿಮ್ಮ ಅತ್ತಿಗೇನೇ ಕೇಳು."

ಗಿರಾಕಿಗಳು ಕಿಸಕ್ಕನೆ ನಕ್ಕರು.

"ಮಾವ, ಒಂದು ವಾರ ಆ ಕೈಪಂಪನ್ನೇ ಇಳಿಸಿ" ಎಂದೆ.

"ಹಾಗೇ ಆಗಲಮ್ಮ. ನೀನು ಅಂಗಡಿ ನೋಡ್ಕೋ, ನಾನು ಮನೇಲಿ ತೊಟ್ಟಿಲು ತೂಗ್ತೀನಿ."

ಮತ್ತೆ ನಗು. ಮೈದುನನ ಕಿವಿ ಕೆಂಪಾಯಿತು. ಕೊಳವೆ ಕಸಿದುಕೊಂಡು ಒಂದೇ ಉಸಿರಿಗೆ ಎಳೆದ. ಪೆಟ್ರೋಲ್ ಡಬ್ಬಿಗೆ ಬಿತ್ತು. ಆಮೇಲೆ ಅವನು ಉಗಿದದ್ದರಲ್ಲಿ ಕಪ್ಪಗಿನ ಒಂದು ತುಣುಕು ಲೋಳೆಯಂತೆ ನೆಲಕ್ಕೆ ಅಂಟಿತು.

"ಅಷ್ಟೇ ತಾನೆ? ಇದಕ್ಕೆ ಏನು ರಾಗ!" ಎಂದು ಮಾವ ಅದನ್ನು ಚಪ್ಪಲಿಯಲ್ಲಿ ಒರೆಸಿದರು.

ನೋವು ಒಂದೆರಡು ದಿನ ಕಾದು ಬಂತು. ದವಡೆಯಿಂದ ಕಿವಿಗೆ, ಕಿವಿಯಿಂದ ನೆತ್ತಿಗೆ. ಟಾರ್ಚ್ ಬಿಟ್ಟು ನೋಡಿದೆ: ಗುಳಿ ಖಾಲಿ, ತಳದಲ್ಲಿ ಬೂದು ಬಣ್ಣದ ಮೂಳೆ. ಹತ್ತಿರ ಹೋದರೆ ಗಬ್ಬು ನಾತ. ಡಾಕ್ಟರಮ್ಮ ತೊಳೆದು ಔಷಧದ ಬಟ್ಟೆ ತುರುಕಿದರು, ತೆಗೆದರು, ಮತ್ತೆ ತುರುಕಿದರು. ಅವನು ಗೋಡೆಗೆ ಹಣೆ ಒತ್ತಿಕೊಂಡು ನಿಂತೇ ಇರುತ್ತಿದ್ದ. ವಾಸನೆಗೆ ತುತ್ತು ಇಳಿಯಲ್ಲ ಎಂದು ಮಾವ ಅವನ ತಟ್ಟೆಯನ್ನು ಹಿತ್ತಲ ಬಾಗಿಲ ಆಚೆಗೆ ಹಾಕಿಸಿದರು. ನಾನು ಮಗುವಿಗೆ ತಿನ್ನಿಸುವ ನೆಪದಲ್ಲಿ ಅಲ್ಲೇ ಹೋಗಿ ಕೂರುತ್ತಿದ್ದೆ.

ಅಂಚಿನಿಂದ ಅಂಚಿಗೆ ವಸಡು ನಿಧಾನವಾಗಿ ಹತ್ತಿರ ಬಂತು. ಈಗ ಅಲ್ಲಿ ನಸುಗೆಂಪು ತಗ್ಗು ಮಾತ್ರ. ಆದರೆ ಅವನು ಅಪ್ಪನ ಜೊತೆ ಮಾತು ಬಿಟ್ಟುಬಿಟ್ಟಿದ್ದ.

ಇವತ್ತು ಮಾವನೇ ಹಲ್ಲು ಕೀಳಿಸಿಕೊಂಡು ಬಂದರು. ಜಗುಲಿಯಲ್ಲಿ ಕುಳಿತವರೇ ಸಿಗರೇಟು ತೆಗೆದರು.

"ಬೇಡ ಮಾವ, ಹೊಗೆ ಎಳೆದರೂ ಗಡ್ಡೆ ಕಿತ್ತು ಬರುತ್ತೆ" ಎಂದೆ.

ಅವರ ಕೈ ಅಲ್ಲೇ ನಿಂತಿತು. ನನ್ನನ್ನು ಬಿಟ್ಟು ಮಗನ ಮುಖ ನೋಡಿದರು. "ಹೌದೇನೋ?" ದನಿಯಲ್ಲಿ ಅಳುಕು.

"ಅತ್ತಿಗೆಗೆ ಎಲ್ಲದಕ್ಕೂ ಭಯ. ಚೆನ್ನಾಗಿ ಎಳೀರಿ ಅಪ್ಪಾ, ನೋವು ಹೋಗುತ್ತೆ" ಎಂದ ಮೈದುನ, ಬಗ್ಗಿ ಕಡ್ಡಿ ಗೀರಿ ಹಿಡಿದ. ನಾನು ಕೈ ಚಾಚುವಷ್ಟರಲ್ಲಿ ಮಾವನ ಕೆನ್ನೆಗಳು ಒಳಕ್ಕೆ ಹೋದವು.