ತಿರುಗುವ ಮೇಜಿನ ಊಟ

ನನ್ನ ಮೊಮ್ಮಗಳು ಅಂಬಿಕಾ ಅವತ್ತು ತನ್ನ ಕುರ್ಚಿಯಲ್ಲೇ ಕೂತಿದ್ದಳು. ಎಲ್ಲರಿಗೂ ಕಂಡಳು, ನನಗೊಬ್ಬಳಿಗೆ ಕಾಣಲಿಲ್ಲ. ನಡೆದದ್ದು ಇಷ್ಟು. ಇದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ.

ಇಂಥ ಮಾತುಗಳನ್ನು ನಾನು ಎಂದೂ ನಂಬಿದವಳಲ್ಲ. ಹುಮನಾಬಾದಿನ ನಮ್ಮ ಓಣಿಯ ಹೆಂಗಸರು ಹುಣಸೆಮರದ ಕೆಳಗೆ ಯಾರೋ ನಿಂತಿದ್ದರು, ಹಿತ್ತಲಿನಿಂದ ಯಾರೋ ಕರೆದರು ಎಂದು ಹೇಳಿಕೊಂಡು ಬಂದರೆ, "ಹೊಟ್ಟಿ ತುಂಬ ಉಂಡು ಮಲ್ಕೋ, ಯಾರೂ ಕರೆಯಂಗಿಲ್ಲ" ಎಂದು ಅಟ್ಟುತ್ತಿದ್ದೆ. ಈಗ ಹಾಗೆ ಅಟ್ಟಲು ಬಾಯಿ ಬರುವುದಿಲ್ಲ.

ಅಂಬಿಕಾ ನನ್ನ ಮಗಳ ಮಗಳು. ಅವಳ ತಾಯಿ ತೀರಿಹೋದ ಮೇಲೆ ಬೆಳೆಸಿದವಳು ನಾನು. ಚೀನಾದಲ್ಲಿ ಸಣ್ಣ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಾಳೆ. ಅವಳ ಜೊತೆ ಕಲಿಸುವವರೂ ಊರು ಬಿಟ್ಟು ಬಂದವರೇ. ಕೀನ್ಯಾದ ಎತ್ತರದ ಹೆಂಗಸು, ಫಿಲಿಪೈನ್ಸಿನ ನಗೆಮೊಗದ ಹುಡುಗಿ, ರಷ್ಯಾದ ಬೋಳುತಲೆಯವ. ಶನಿವಾರ ಸಂಜೆ ಎಲ್ಲರೂ ಶಾಲೆಯ ಹತ್ತಿರದ ಸಣ್ಣ ಹೋಟೆಲಿನಲ್ಲಿ ಕೂಡಿ ಉಣ್ಣುತ್ತಿದ್ದರು. ಅಲ್ಲಿ ದುಂಡನೆಯ ಮೇಜು, ಅದರ ನಡುವೆ ತಿರುಗುವ ಗಾಜು. ಅನ್ನ, ಪಲ್ಯ ಎಲ್ಲ ಅದರ ಮೇಲಿಟ್ಟು ತಿರುಗಿಸುತ್ತಾರೆ. ತಮ್ಮ ಮುಂದೆ ಬಂದಾಗ ಬಡಿಸಿಕೊಳ್ಳುತ್ತಾರೆ. ಅಂಬಿಕಾ ವಿಡಿಯೋ ಫೋನು ಹಚ್ಚಿ, ಅದನ್ನು ಚಹಾದ ಕಿಟಲಿಗೆ ಆನಿಸಿ, ಆ ಗಾಜಿನ ಮೇಲೆ ನನ್ನನ್ನೂ ಇಡುತ್ತಿದ್ದಳು. ಪಲ್ಯದ ಜೊತೆ ನಾನೂ ತಿರುಗುತ್ತಿದ್ದೆ.

ಅವರಿಗೆ ಊಟದ ಹೊತ್ತಾದಾಗ ನಮಗಿನ್ನೂ ಬಿಸಿಲು. ಆದರೂ ನಾನು ರೊಟ್ಟಿ, ಪುಂಡಿಪಲ್ಯ ಹಾಕಿಕೊಂಡು ಫೋನಿನ ಮುಂದೆ ಕೂಡುತ್ತಿದ್ದೆ. ಸೊಸೆ ಕಸ್ತೂರಿ ಓಣಿಗೆಲ್ಲ ಕೇಳುವಂತೆ, "ನಮ್ಮ ಅತ್ತಿ ಚೀನಾಕ್ಕ ಉಣ್ಣಾಕ ಹೋಗ್ಯಾರ, ಯಾರೂ ಮಾತಾಡಿಸಬ್ಯಾಡ್ರಿ" ಅನ್ನುತ್ತಿದ್ದಳು. ಅಲ್ಲಿ ನಾನು ಯಾರ ಮುಂದೆ ಬರುತ್ತೇನೋ ಅವರು, "ಆಯಿ, ಊಟಾ ಆತೇನ್ರಿ?" ಎಂದು ಕೇಳುತ್ತಿದ್ದರು. ಅಂಬಿಕಾ ಕಲಿಸಿದ ಮಾತು. ರಷ್ಯಾದವ ಬಾಯಿ ತುಂಬ ಇಟ್ಟುಕೊಂಡೇ ಕೇಳುತ್ತಿದ್ದ. "ಬಾಯಾಗಿಂದು ನುಂಗಿ ಕೇಳೋ" ಎಂದು ನಾನು ಬೈದರೆ ಅಂಬಿಕಾ ಅದನ್ನು ಇಂಗ್ಲಿಷಿನಲ್ಲಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು. ಮಗ ಅಂಗಡಿ ಮುಚ್ಚಿ ಬಂದ ಮೇಲೆ ಸೊಸೆ ಅವನ ಜೊತೆ ಉಣ್ಣುತ್ತಾಳೆ, ಅಷ್ಟೊತ್ತಿಗೆ ನಾನು ಮಲಗಿರುತ್ತೇನೆ. ಹಾಗಾಗಿ ವಾರದಲ್ಲಿ ನಾನು ಮಂದಿಯ ಜೊತೆ ಉಣ್ಣುತ್ತಿದ್ದ ಊಟ ಅದೊಂದೇ.

ಆ ವರ್ಷ ಬಸವಕಲ್ಯಾಣದ ಒಂದು ಮನೆಯವರು ಅಂಬಿಕಾಳನ್ನು ಕೇಳಿದ್ದರು. ಹುಡುಗ ಒಳ್ಳೆಯವನೇ. ಒಪ್ಪಿದರೆ ಅವಳು ಚೀನಾ ಬಿಟ್ಟು ಬರಬೇಕಿತ್ತು. "ನೀ ಹೂಂ ಅಂದ್ರ ನಂದೂ ಹೂಂ, ಆಯಿ" ಎಂದುಬಿಟ್ಟಿದ್ದಳು. ನಾನು ಹೂಂ ಅನ್ನುವವಳೇ ಇದ್ದೆ. ಅವಳ ಸಲುವಾಗಿ ಅಲ್ಲ. ಬಸವಕಲ್ಯಾಣವೆಂದರೆ ಬಸ್ಸಿಗೆ ಹೋಗಿ, ಅವಳ ಎದುರು ಕೂತು ಉಂಡು, ದೀಪ ಹಚ್ಚುವುದರೊಳಗೆ ತಿರುಗಿ ಬರುವಷ್ಟು ದೂರ. ಭಾನುವಾರ ಹೋಗಿ ಮಾತು ಕೊಡುವುದಿತ್ತು.

ಶನಿವಾರ ಎಂದಿನಂತೆ ಫೋನು ಬಂತು. ಗಾಜು ತಿರುಗಿತು. ಕೀನ್ಯಾದವಳು ಬಂದಳು, ನಗೆಮೊಗದವಳು ಬಂದಳು, ರಷ್ಯಾದವ ಬಂದ. ಅವನ ಮಗ್ಗುಲಿಗೆ ಅಂಬಿಕಾಳ ಜಾಗ. ಅಲ್ಲಿ ಕುರ್ಚಿ ಇತ್ತು, ಕುರ್ಚಿಯ ಬೆನ್ನಿಗೆ ಅವಳ ಹಸಿರು ಸ್ವೆಟರ್ ಇತ್ತು, ಮುಂದೆ ಬಿಸಿ ಬಟ್ಟಲು ಇತ್ತು. ಅವಳಿರಲಿಲ್ಲ.

"ಅಂಬೂ, ಎಲ್ಲಿದ್ದೀಯೇ?"

"ನಿನ್ನ ಮುಂದೇ ಇದ್ದೀನಲ್ಲ, ಆಯಿ." ಧ್ವನಿ ಆ ಕುರ್ಚಿಯಿಂದಲೇ ಬಂತು.

ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡೆ. ಇನ್ನೊಮ್ಮೆ ತಿರುಗಿಸಲು ಹೇಳಿದೆ. ಮತ್ತೆ ಅದೇ ಮೂವರು, ಮತ್ತೆ ಅದೇ ಕುರ್ಚಿ. ಬಟ್ಟಲಿನಲ್ಲಿದ್ದದ್ದು ಮಾತ್ರ ಮೊದಲಿಗಿಂತ ಕಡಿಮೆಯಾಗಿತ್ತು. ರಷ್ಯಾದವ ಆ ಕುರ್ಚಿಯ ಕಡೆ ತಿರುಗಿ ಏನೋ ಹೇಳಿ ನಕ್ಕ.

ಕಣ್ಣಿನ ಚಾಳೀಸು ತೆಗೆದು ಒರೆಸಿಕೊಂಡೆ. ಸೆರಗಿನಿಂದ ಫೋನನ್ನೂ ಒರೆಸಿದೆ. ಕೊನೆಗೆ ಕಸ್ತೂರಿಯನ್ನು ಕರೆದು, "ಅಂಬಿ ಕಾಣಸ್ತಾಳೇನು ನೋಡು" ಎಂದೆ.

"ಕಾಣ್ಲಾರದೇನ್ರೀ ಅತ್ತಿ? ಕಡ್ಡಿಲೆ ಶಾವಿಗಿ ತಿನ್ನಾಕತ್ತಾಳ. ಅಂಬೀ, ಎಷ್ಟ ಸೊರಗೀದಿಯವ್ವಾ!"

ಇಬ್ಬರೂ ಅಡುಗೆಯ ಮಾತು, ಸೀರೆಯ ಮಾತು ಆಡತೊಡಗಿದರು. ನಾನು ನಡುವೆ ಕೂತು ಖಾಲಿ ಕುರ್ಚಿ ನೋಡುತ್ತಿದ್ದೆ. ಮುರಿದ ರೊಟ್ಟಿ ತಾಟಿನಲ್ಲೇ ಇತ್ತು. ನಾಳೆ ನಾನು ಹೂಂ ಅಂದರೆ ಆ ಮೂವರ ನಡುವೆ ಆ ಕುರ್ಚಿ ನಿಜವಾಗಿಯೂ ಹಾಗೆಯೇ ಉಳಿಯುತ್ತದೆ ಎಂಬುದು ಆಗ ಹೊಳೆಯಿತು. ಅಲ್ಲಿಯವರೆಗೆ ನಾನು ಬಸ್ಸಿನ ದಾರಿಯನ್ನಷ್ಟೇ ಲೆಕ್ಕ ಹಾಕಿದ್ದೆ.

"ಯಾಕ ಆಯಿ, ಉಣ್ಣವಲ್ಲಿ? ನಾಳಿ ಕಲ್ಯಾಣಕ್ಕ ಹೋಗ್ತಿ ಇಲ್ಲೋ?" ಎಂದು ಅಂಬಿಕಾ ಕೇಳಿದಳು. ಆ ಧ್ವನಿಯಲ್ಲಿ ಸಂತೋಷವಿತ್ತೋ ದುಃಖವಿತ್ತೋ ತಿಳಿಯಲಿಲ್ಲ. ಮುಖ ಕಂಡಿದ್ದರೆ ತಿಳಿಯುತ್ತಿತ್ತು. "ಹೋಗ್ತೀನಿ" ಎಂದೆ.

ಮುಂದಿನ ಶನಿವಾರ ಅವಳು ಕಂಡಳು, ಈಗಲೂ ಕಾಣುತ್ತಾಳೆ. ಹಿಂದೆ ನನ್ನ ಕಣ್ಣಿನ ಪೊರೆ, ಮೋತಿಬಿಂದು, ತೆಗೆದ ಡಾಕ್ಟರರು ಕಣ್ಣಿಗೆ ಏನೂ ಆಗಿಲ್ಲ ಎಂದರು. ವಯಸ್ಸಾಯಿತು, ಅದಕ್ಕೆ ಎಂದ ಮಗ. ವಯಸ್ಸಾದವಳಿಗೆ ಮೂವರು ಪರದೇಶಿಗಳು ಕಂಡು, ಸಾಕಿದ ಕೂಸು ಮಾತ್ರ ಹೇಗೆ ಕಾಣಲಿಲ್ಲ? ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಅವಳು ಕಾಣದ ಮರುದಿನ, ಆ ಭಾನುವಾರ ಮುಂಜಾನೆ ಮೊದಲ ಬಸ್ಸಿಗೇ ಬಸವಕಲ್ಯಾಣಕ್ಕೆ ಹೋದೆ. ಹುಡುಗನ ತಾಯಿ ಬಾಗಿಲಿಗೆ ಬಂದು, "ಬರ್ರಿ, ಬರ್ರಿ, ಮೊದಲ ಬಾಯಿ ಸಿಹಿ ಮಾಡ್ಕೋರಿ" ಎಂದು ಸಕ್ಕರೆಯ ಬಟ್ಟಲು ಹಿಡಿದಳು.

"ಸಕ್ಕರಿ ಒಳಗಿಡ್ರಿ. ಹುಡುಗಿ ಬರಂಗಿಲ್ಲ."

"ಹಂಗಂತ ಆಕಿ ಅಂದಳೇನ್ರಿ?"

"ಆಕಿ ಅಂದಿಲ್ಲ. ನಾ ಅನ್ನಾಕತ್ತೇನಿ."

ಚಹಾ ಆಗಲೇ ಕುದಿಯುತ್ತಿತ್ತು, ಕೊಟ್ಟರು, ಕುಡಿದೆ. ನಿಲ್ದಾಣಕ್ಕೆ ಬಂದರೆ ಹುಮನಾಬಾದಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಟ್ಟಿಕೊಂಡು ಹೋಗಿದ್ದ ರೊಟ್ಟಿ ಬಿಚ್ಚಿ, ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಉಂಡೆ.