ಅತ್ತೆ ಅಳಿಸದ ಕಂತುಗಳು

ಟೆಲಿಫೋನ್ ಆಪರೇಟರ್ ಆಗಿ ನಿವೃತ್ತಳಾದ ನಮ್ಮ ಸೋದರತ್ತೆ, ಟಿವಿ ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡುವ ಸಾಫ್ಟ್‌ವೇರನ್ನು ಯಾರ ಕಾಲೂ ಹಿಡಿಯದೆ ತಾನೇ ಕಂಪ್ಯೂಟರಿಗೆ ಹಾಕಿಕೊಂಡವಳು. ಕಿಟಕಿಯಿಂದ ಆಂಟೆನಾ ತಂತಿ ಎಳೆದು ಸಿಕ್ಕಿಸಿ ಚಾನೆಲ್ ಹುಡುಕಲು ಬಿಟ್ಟಳೆಂದರೆ ಮನೆಯಲ್ಲಿ ಯಾರೂ ಕೆಮ್ಮುವಂತಿಲ್ಲ. ಪ್ರತಿ ಕಾರ್ಯಕ್ರಮಕ್ಕೂ ಐದು ನಿಮಿಷ ಮೊದಲೇ ರೆಕಾರ್ಡಿಂಗ್ ಶುರು, ಮುಗಿದು ಹತ್ತು ನಿಮಿಷದ ಮೇಲೆಯೇ ನಿಲುಗಡೆ. "ಟಿವಿಯವರ ಗಡಿಯಾರ ನಂಬ್ಕೊಂಡ್ರೆ ಕೊನೇ ಸೀನು ಗೋತಾ!" ಎನ್ನುತ್ತಾಳೆ. ಡಿಸ್ಕ್ ತುಂಬಿತೆಂದು ಕಂಪ್ಯೂಟರ್ ಗೋಳಾಡಿದರೆ ಅದನ್ನೇ ಗದರಿಸುತ್ತಾಳೆ. ಹೃದಯದ ಆಪರೇಷನ್ ಆಗಿ ಮಾವ ನಲವತ್ತು ದಿನ ಆಸ್ಪತ್ರೆಯಲ್ಲಿದ್ದಾಗಲೂ ಅವರ ಪತ್ತೇದಾರಿ ಧಾರಾವಾಹಿಯ ರೆಕಾರ್ಡಿಂಗ್ ಒಂದು ದಿನವೂ ತಪ್ಪಲಿಲ್ಲ. ಜಾಗ ಸಾಲದೆ ಬಂದಾಗ ತನ್ನ ಪ್ರೀತಿಯ ಹಾಡಿನ ಕಾರ್ಯಕ್ರಮಗಳನ್ನೆಲ್ಲ ಅಳಿಸಿದಳು. ಡಾಕ್ಟರು ಭರವಸೆ ಕೊಡಲಾಗದು ಎಂದ ವಾರದಲ್ಲೂ, ಬೆಳಿಗ್ಗೆ ಆ ದಿನದ ರೆಕಾರ್ಡಿಂಗ್ ಸಮಯ ಹೊಂದಿಸಿಯೇ ಆಸ್ಪತ್ರೆಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದಳು. ಮೊನ್ನೆ ಮಾವ ಮನೆಗೆ ಬಂದರು. ದಿಂಬಿಗೆ ಒರಗಿ, "ಕಳ್ಳ ಸಿಕ್ಕಿಬಿದ್ನೇನೇ?" ಎಂದು ಮೆಲ್ಲಗೆ ಕೇಳಿದರು. "ನಂಗೇನು ಗೊತ್ತು? ನೀವಿಲ್ದೆ ಒಬ್ಳೇ ಹೇಗೆ ನೋಡ್ಲಿ?" ಎಂದ ಅತ್ತೆ ಕಣ್ಣೊರೆಸಿಕೊಂಡು ನಕ್ಕಳು, ಕುರ್ಚಿಯನ್ನು ಅವರ ಪಕ್ಕಕ್ಕೆಳೆದು, ಇಬ್ಬರೂ ನೋಡದೆ ಉಳಿದಿದ್ದ ಮೊದಲ ಕಂತನ್ನು ಹಚ್ಚಿದಳು.